ಕಷ್ಟದಲ್ಲಿ ಆತ್ಮಿಕವಾಗಿ ಬೆಳೆಯುತ್ತಾರೆ ಅನ್ನುತ್ತಾರೆ, ನಾನು ಯಾಕೆ ಒಣಗುತ್ತಿದ್ದೇನೆ?

ಪ್ರಶ್ನೆ: ಹತ್ತು ತಿಂಗಳಿಂದ ನಮ್ಮ ಯಜಮಾನರಿಗೆ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದೆ. ನಾನು ಹೊಲಿಗೆ ಮಾಡಿ ಮನೆ ನಡೆಸುತ್ತೇನೆ. ಮಗ ಪಿಯುಸಿ ಓದುತ್ತಿದ್ದಾನೆ. ಸಭೆಯವರು ಬಂದು ಪ್ರಾರ್ಥನೆ ಮಾಡಿ, “ಇದು ದೇವರ ಪರೀಕ್ಷೆ, ಸಂತೋಷಪಡು, ಎಲ್ಲದಕ್ಕೂ ಸ್ತೋತ್ರ ಹೇಳು” ಅನ್ನುತ್ತಾರೆ. ಒಬ್ಬರಂತೂ “ನಂಬಿಕೆ ಇದ್ದಿದ್ದರೆ ಇಷ್ಟು ಹೊತ್ತಿಗೆ ಗುಣವಾಗಬೇಕಿತ್ತು, ಗಂಡ ಹೆಂಡತಿ ಮೂರು ದಿನ ಉಪವಾಸ ಮಾಡಿ” ಎಂದರು. ಭಾನುವಾರ ಆರಾಧನೆಗೆ ಹೋಗಿ ಗೊಂಬೆ ಥರ ಕೂತು ಬರುತ್ತೇನೆ. ಮನೆಯಲ್ಲಿ ಮೊಣಕಾಲೂರಿದರೆ ಮಾತು ಬರುವುದಿಲ್ಲ, ಸಿಟ್ಟು ಬರುತ್ತದೆ. ಕಷ್ಟದಿಂದ ಆತ್ಮಿಕ ಬೆಳವಣಿಗೆ ಆಗುತ್ತದಂತೆ. ನನ್ನಲ್ಲಿ ಯಾಕೆ ಆಗುತ್ತಿಲ್ಲ? ನಾನು ಏನು ಮಾಡಬೇಕು?

ಉತ್ತರ: ಸಹೋದರಿ, ನಿಮಗೆ ಹೇಳಿಕೊಟ್ಟಿರುವ ಒಂದು ಮಾತನ್ನು ಮೊದಲು ಸರಿಪಡಿಸಬೇಕು. ಕಷ್ಟ ತಾನಾಗಿ ಯಾರನ್ನೂ ಬೆಳೆಸುವುದಿಲ್ಲ. ಅದೇ ಕಾಯಿಲೆ ಒಂದು ಮನೆಯವರನ್ನು ಮೆದುವಾಗಿಸುತ್ತದೆ, ಇನ್ನೊಂದು ಮನೆಯವರನ್ನು ಕಹಿಯಾಗಿಸುತ್ತದೆ. ಕಷ್ಟವನ್ನು ಸುಳ್ಳು ಬೆರೆಸದೆ ದೇವರ ಮುಂದೆ ತಂದಿಡುವ ಕಡೆ ಬೆಳವಣಿಗೆ ಶುರುವಾಗುತ್ತದೆ. ಹಾಗೆ ತಂದಿಡುವುದಕ್ಕೆ ಸತ್ಯವೇದ (ಬೈಬಲ್) ಒಂದು ರೂಪವನ್ನೇ ಕೊಟ್ಟಿದೆ. ನಮ್ಮ ಅನೇಕ ಸಭೆಗಳಲ್ಲಿ ಅದನ್ನು ಕಲಿಸುವುದು ನಿಂತುಹೋಗಿದೆ, ಅಷ್ಟೆ.

ರೋಮಾಪುರದವರಿಗೆ ಬರೆದ ಪತ್ರದ 5ನೇ ಅಧ್ಯಾಯವನ್ನು ನಿಮ್ಮ ಮುಂದೆ ಓದಿಯೇ ಇರುತ್ತಾರೆ: ಉಪದ್ರವದಿಂದ ತಾಳ್ಮೆ, ತಾಳ್ಮೆಯಿಂದ ಪರೀಕ್ಷೆಗೆ ನಿಂತ ಗುಣ, ಅದರಿಂದ ನಿರೀಕ್ಷೆ. ಇಲ್ಲಿ ಉಪದ್ರವಕ್ಕೆ, ಆ ಪತ್ರ ಬರೆದ ಅಪೊಸ್ತಲ ಪೌಲ ಬಳಸಿದ ಗ್ರೀಕ್ ಪದ ‘ತ್ಲಿಪ್ಸಿಸ್’. ಅಮುಕುವುದು, ಇಕ್ಕಟ್ಟಿಗೆ ಸಿಕ್ಕಿಸುವುದು ಎಂದು ಅದರ ಅರ್ಥ. ತಾಳ್ಮೆಗೆ ‘ಹುಪೊಮೊನೆ’, ಅಂದರೆ ಭಾರದ ಅಡಿಯಲ್ಲಿ ಬಿಟ್ಟು ಹೋಗದೆ ಉಳಿಯುವುದು. ಮೂರನೆಯದು ‘ದೊಕಿಮೆ’. ಲೋಹವನ್ನೋ ನಾಣ್ಯವನ್ನೋ ಪರೀಕ್ಷಿಸಿ ಖೋಟಾ ಅಲ್ಲ ಎಂದು ಒಪ್ಪಿಕೊಳ್ಳುವಾಗ ಆಡುತ್ತಿದ್ದ ಮಾತಿನ ಬಳಗಕ್ಕೆ ಅದು ಸೇರಿದ್ದು. ಅಮುಕುವಿಕೆಯಿಂದ ನಿರೀಕ್ಷೆಗೆ ಪೌಲ ಯಾರನ್ನೂ ಒಂದೇ ಹೆಜ್ಜೆಗೆ ದಾಟಿಸುವುದಿಲ್ಲ. ನಡುವೆ ಎರಡು ಮೆಟ್ಟಿಲಿವೆ, ಎರಡಕ್ಕೂ ಕಾಲ ಹಿಡಿಯುತ್ತದೆ. ಹತ್ತು ತಿಂಗಳು ವಾರಕ್ಕೆ ಮೂರು ಸಲ ಆಸ್ಪತ್ರೆಗೆ ಹೋಗಿ ಬಂದು ಮತ್ತೆ ಹೊಲಿಗೆ ಯಂತ್ರದ ಮುಂದೆ ಕೂತವರು ‘ಉಳಿದವರು’. ತಾಳ್ಮೆಯ ಮೆಟ್ಟಿಲ ಮೇಲೆ ನಿಂತುಕೊಂಡೇ ನೀವು, ನಾನಿನ್ನೂ ಹತ್ತಲೇ ಇಲ್ಲ ಎಂದುಕೊಳ್ಳುತ್ತಿದ್ದೀರಿ.

ಇನ್ನು ‘ಸಂತೋಷಪಡು’ ಎಂಬ ಮಾತು. ಯಾಕೋಬನ ಪತ್ರದ 1:2ರಲ್ಲಿ ಅದು ಇದೆ, ನಿಜ. ಆದರೆ ಅಲ್ಲಿನ ಕ್ರಿಯಾಪದ ‘ಎಣಿಸಿರಿ, ಲೆಕ್ಕಕ್ಕೆ ಹಿಡಿಯಿರಿ’ ಎಂಬುದು. ಇದರ ಕೊನೆ ಎಲ್ಲಿಗೆ ಮುಟ್ಟುತ್ತದೆ ಎಂದು ನೋಡಿ ಮಾಡುವ ತೀರ್ಮಾನ ಅದು. ಮುಖದ ಮೇಲೆ ನಗು ತಂದುಕೊಳ್ಳಿ ಎಂಬ ಅಪ್ಪಣೆ ಅಲ್ಲಿಲ್ಲ. ಹಾಗೆಯೇ 1 ಥೆಸಲೋನಿಕ 5:18 ಎಲ್ಲಾ ಸ್ಥಿತಿಗಳ ‘ಒಳಗೆ’ ಸ್ತೋತ್ರ ಮಾಡಿರಿ ಎನ್ನುತ್ತದೆ. ಎಫೆಸ 5:20 ಎಲ್ಲದಕ್ಕಾಗಿ ಸ್ತೋತ್ರ ಎನ್ನುತ್ತದಲ್ಲ ಎಂದು ಯಾರಾದರೂ ಕೇಳಿದರೆ, ಒಂಬತ್ತು ವಚನ ಹಿಂದಕ್ಕೆ ಹೋಗಿ ಓದಿಸಿ: ಕತ್ತಲೆಯ ಕೆಲಸಗಳಲ್ಲಿ ಪಾಲುಗೊಳ್ಳದೆ ಅವನ್ನು ಬಯಲಿಗೆ ತನ್ನಿ ಎಂದು ಅದೇ ಅಧ್ಯಾಯದಲ್ಲಿದೆ. ಕೆಟ್ಟದ್ದನ್ನು ಒಳ್ಳೆಯದೆಂದು ಕರೆಯಿರಿ ಎಂದು ಪೌಲ ಎಲ್ಲೂ ಕಲಿಸಿಲ್ಲ. ಸತ್ತಿದ್ದ ಸ್ನೇಹಿತ ಲಾಜರನನ್ನು ಎಬ್ಬಿಸುತ್ತೇನೆಂದು ಗೊತ್ತಿದ್ದೂ ಯೇಸು ಅವನ ಸಮಾಧಿಯ ಬಳಿ ಅತ್ತನು. ಇಬ್ರಿಯರಿಗೆ ಬರೆದ ಪತ್ರದ 5:7ರ ಪ್ರಕಾರ ಅವನು ಗಟ್ಟಿಯಾಗಿ ಕೂಗುತ್ತಾ ಕಣ್ಣೀರಿಡುತ್ತಾ ಪ್ರಾರ್ಥಿಸಿದನು. ಆ ಕಣ್ಣೀರನ್ನು ಅಪನಂಬಿಕೆ ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

‘ನಂಬಿಕೆ ಇದ್ದಿದ್ದರೆ ಗುಣವಾಗುತ್ತಿತ್ತು’ ಎಂದವರ ಬಗ್ಗೆ ಸ್ವಲ್ಪ ಖಡಾಖಂಡಿತವಾಗಿಯೇ ಹೇಳಬೇಕಾಗಿದೆ. ಆ ಬೋಧನೆ ತಪ್ಪು. ಪೌಲ ತನ್ನ ಶರೀರದಲ್ಲಿದ್ದ ಮುಳ್ಳಿಗಾಗಿ ಮೂರು ಸಾರಿ ಬೇಡಿಕೊಂಡ, ಅದು ಹೋಗಲಿಲ್ಲ. ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಬಂತು. ಅದೇ ಪೌಲ ತನ್ನ ಜೊತೆಗಾರ ತ್ರೊಫಿಮನನ್ನು ಕಾಯಿಲೆಯಲ್ಲೇ ಮಿಲೇತದಲ್ಲಿ ಬಿಟ್ಟು ಬಂದೆ ಎಂದು 2 ತಿಮೊಥೆ 4:20ರಲ್ಲಿ ಬರೆಯುತ್ತಾನೆ. ತನ್ನ ಶಿಷ್ಯ ತಿಮೊಥೆಯ ಹೊಟ್ಟೆಯ ತೊಂದರೆಗೆ ಮನೆಮದ್ದು ಹೇಳುತ್ತಾನೆ. ಇವರಲ್ಲಿ ಯಾರ ನಂಬಿಕೆ ಸಾಲದಾಗಿತ್ತು? ಹುಟ್ಟು ಕುರುಡನನ್ನು ತೋರಿಸಿ ಯಾರ ಪಾಪ ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ ಇವನ ತಂದೆತಾಯಿಯದೂ ಅಲ್ಲ ಎಂದು ಯೇಸು ಹೇಳಿದ್ದು ಯೋಹಾನ 9ರಲ್ಲಿದೆ.

ಉಪವಾಸದ ವಿಷಯ ಇನ್ನೂ ತುರ್ತಿನದು. ಡಯಾಲಿಸಿಸ್ ಆಗುತ್ತಿರುವವರು ಡಾಕ್ಟರನ್ನು ಕೇಳದೆ ಉಪವಾಸ ಮಾಡಬಾರದು. ಸಕ್ಕರೆ ಕಾಯಿಲೆಯೂ ಇದ್ದರೆ ರಕ್ತದ ಸಕ್ಕರೆ ದಿಢೀರನೆ ಇಳಿಯಬಹುದು. ಅದಕ್ಕಿಂತ ಹೆಚ್ಚು ಅಪಾಯ ಉಪವಾಸ ಮುರಿಯುವಾಗ. ನಮ್ಮಲ್ಲಿ ಸಾಮಾನ್ಯವಾಗಿ ಎಳನೀರು, ಬಾಳೆಹಣ್ಣು, ಹಣ್ಣಿನ ರಸ ಕೊಡುತ್ತಾರೆ. ಇವೆಲ್ಲದರಲ್ಲೂ ಪೊಟ್ಯಾಸಿಯಂ ಹೆಚ್ಚು. ಕಿಡ್ನಿ ಅದನ್ನು ಹೊರಹಾಕದಿದ್ದರೆ ರಕ್ತದಲ್ಲಿ ಏರಿ ಹೃದಯದ ಬಡಿತವೇ ತಪ್ಪಬಹುದು. ಗುಣಪಡಿಸುವ ಕೂಟಕ್ಕೆ ಹೋಗಲೆಂದು ಒಂದು ಡಯಾಲಿಸಿಸ್ ತಪ್ಪಿಸುವುದೂ ಬೇಡ. ನಿಮಗೆ ಉಪವಾಸ ಮಾಡಬೇಕೆನಿಸಿದರೆ ನೀವೊಬ್ಬರೇ ಒಂದು ಹೊತ್ತು ಮಾಡಿ. ಆಸ್ಪತ್ರೆಯ ದಿನ ಅದೂ ಬೇಡ.

ಈಗ ನಿಮ್ಮ ಸಿಟ್ಟಿಗೆ ಬರೋಣ. ಅದು ಪ್ರಾರ್ಥನೆಗೆ ಅಡ್ಡಿ ಎಂದುಕೊಂಡಿದ್ದೀರಿ. ನಿಮ್ಮ ಪ್ರಾರ್ಥನೆಗೆ ಈಗ ಬೇಕಾದ ಸಾಮಗ್ರಿ ಅದೇ. ಸತ್ಯವೇದದ 150 ಕೀರ್ತನೆಗಳಲ್ಲಿ ಸುಮಾರು ಮೂರನೇ ಒಂದು ಭಾಗ ಪ್ರಲಾಪದ ಕೀರ್ತನೆಗಳು, ದೇವರ ಮುಂದೆ ದೂರು ಹೇಳುವಂಥವು. 13ನೇ ಕೀರ್ತನೆ ತೆಗೆಯಿರಿ. ಆರೇ ವಚನ. ಮೊದಲ ಎರಡು ವಚನಗಳಲ್ಲಿ ನಾಲ್ಕು ಸಲ ‘ಎಷ್ಟರವರೆಗೆ’ ಎಂಬ ಪ್ರಶ್ನೆ. ಆ ದೂರು ಮೂರು ದಿಕ್ಕಿಗೆ ಹೋಗುತ್ತದೆ: ನೀನು ನನ್ನನ್ನು ಮರೆತಿದ್ದೀ ಎಂದು ದೇವರ ಕಡೆಗೆ, ಹಗಲೆಲ್ಲಾ ಎದೆಯಲ್ಲಿ ದುಃಖ ಎಂದು ತನ್ನ ಕಡೆಗೆ, ವೈರಿ ನನ್ನ ಮೇಲೆ ಹೆಚ್ಚಿಕೊಳ್ಳುತ್ತಿದ್ದಾನೆ ಎಂದು ಹೊರಗಿನವರ ಕಡೆಗೆ. ನಡುವಿನ ಎರಡು ವಚನಗಳಲ್ಲಿ ಬೇಡಿಕೆ: ನನ್ನ ಕಡೆ ನೋಡು, ಉತ್ತರ ಕೊಡು, ಕಣ್ಣಿಗೆ ಬೆಳಕು ಕೊಡು. ಕೊನೆಯ ಎರಡರಲ್ಲಿ ‘ನಾನಾದರೋ’ ಎಂದು ಮಗ್ಗುಲು ಬದಲಿಸಿ, ನಿನ್ನ ಕೃಪೆಯಲ್ಲಿ ಭರವಸೆ ಇಟ್ಟಿದ್ದೇನೆ ಎನ್ನುತ್ತಾನೆ. ವೈರಿ ಸೋತನೆಂದಾಗಲಿ ಕಷ್ಟ ತೀರಿತೆಂದಾಗಲಿ ಎಲ್ಲೂ ಬರೆದಿಲ್ಲ.

ಇದನ್ನು ನೀವು ಮಾಡುವ ಬಗೆ ಹೀಗೆ. 100 ಪುಟದ ಒಂದು ಸಾದಾ ನೋಟ್‌ಬುಕ್ ತೆಗೆದುಕೊಳ್ಳಿ. ಡಯಾಲಿಸಿಸ್ ಸುಮಾರು ನಾಲ್ಕು ಗಂಟೆ ಹಿಡಿಯುತ್ತದಲ್ಲ, ಯಂತ್ರ ಶುರುವಾಗಿ ಅವರು ಕಣ್ಣು ಮುಚ್ಚಿದ ಮೇಲೆ ಹದಿನೈದು ನಿಮಿಷ ತೆಗೆದಿಡಿ. ಮನೆಯಲ್ಲಿ ಬೆಳಿಗ್ಗೆ ನಾಲ್ಕಕ್ಕೆ ಏಳುವ ಹರಕೆ ಬೇಡ, ನಿಮಗೆ ನಿದ್ದೆ ಬೇಕು. ಮೊದಲ ಐದು ನಿಮಿಷ ಕೀರ್ತನೆಯನ್ನು ತುಟಿ ಅಲುಗುವಷ್ಟು ದನಿಯಲ್ಲಿ ಎರಡು ಸಲ ಓದಿ. ಮುಂದಿನ ಎಂಟು ನಿಮಿಷ ಬರೆಯಿರಿ. ಉಳಿದ ಎರಡು ನಿಮಿಷ ಸುಮ್ಮನಿರಿ. ವಾರಕ್ಕೆ ಮೂರು ಸಲದಂತೆ ಆರು ವಾರಕ್ಕೆ ಹದಿನೆಂಟು ಪುಟ ಆಗುತ್ತದೆ. ಮೊದಲ ಎರಡು ವಾರ 13ನೇ ಕೀರ್ತನೆ ಸಾಕು, ಬಾಯಿಪಾಠ ಆಗುವವರೆಗೆ. ಆಮೇಲೆ 42, 77, 88.

ಬರೆಯುವುದು ನಾಲ್ಕು ಭಾಗ: ಕರೆಯುವುದು, ದೂರು, ಬೇಡಿಕೆ, ಭರವಸೆ. ಒಂದು ಪುಟ ಹೀಗಿರಬಹುದು:

“ತಂದೆಯೇ. ಇನ್ನೂ ಎಷ್ಟು ದಿನ? ಇವತ್ತು ಸೂಜಿ ಎರಡು ಸಲ ಚುಚ್ಚಿದರು, ಅವರು ಹಲ್ಲು ಕಚ್ಚಿ ಸುಮ್ಮನಿದ್ದರು. ನೀನು ನೋಡುತ್ತಿದ್ದೆಯಾ? ನಿನ್ನೆ ಮಗನ ಮೇಲೆ ಸುಮ್ಮಸುಮ್ಮನೆ ರೇಗಿದೆ. ಬ್ಲೌಸಿನ ದುಡ್ಡು ಕೊಡಬೇಕಾದವರು ಮುಂದಿನ ವಾರ ಅಂದರು. ಇವತ್ತು ರಾತ್ರಿ ಇವರಿಗೆ ಕಾಲು ಹಿಡಿದುಕೊಳ್ಳದೆ ನಿದ್ದೆ ಬರಲಿ. ನೀನು ಕೇಳಿಸಿಕೊಳ್ಳುತ್ತಿದ್ದೀಯೋ ಇಲ್ಲವೋ ನನಗೆ ತಿಳಿಯುತ್ತಿಲ್ಲ. ಆದರೂ ನಿನಗೇ ಹೇಳುತ್ತಿದ್ದೇನೆ.”

ಆ ಕೊನೆಯ ಸಾಲು ಸಾಕು. ಅದು ಪೂರ್ತಿ ಭರವಸೆಯ ಸಾಲೇ.

ಇದರಲ್ಲಿ ಕೆಲಸ ಕೆಡುವುದು ಎಲ್ಲಿ ಎಂದೂ ತಿಳಿದಿರಲಿ. ಬಹಳ ಜನ ‘ಕರ್ತನೇ, ತುಂಬಾ ಕಷ್ಟವಾಗಿದೆ’ ಎಂದು ಒಂದೇ ಸಾಲು ಬರೆದು ನಿಲ್ಲುತ್ತಾರೆ. ಸೂಜಿ, ದುಡ್ಡು, ಮಗ, ರಾತ್ರಿ ಎಂದು ಬಿಡಿಸಿ ಹೇಳದ ದೂರು ಎದೆಯಲ್ಲೇ ಉಳಿಯುತ್ತದೆ. ಕೂಟಗಳಲ್ಲಿ ಗಟ್ಟಿಯಾಗಿ ಪ್ರಾರ್ಥಿಸಿ ಅಭ್ಯಾಸವಿದ್ದವರು ಎರಡನೇ ಸಾಲಿಗೇ ‘ಸ್ತೋತ್ರ, ಹಲ್ಲೆಲೂಯ’ಕ್ಕೆ ಹಾರುತ್ತಾರೆ. ಬಾಯಿ ತಾನಾಗಿ ಅಲ್ಲಿಗೆ ಓಡುತ್ತದೆ. ಹಾಗಾದಾಗ ಪೆನ್ನು ಕೆಳಗಿಟ್ಟು 13ನೇ ಕೀರ್ತನೆಯ ಮೊದಲ ಎರಡು ವಚನಕ್ಕೆ ವಾಪಸು ಬನ್ನಿ. ಇನ್ನು ಕೆಲವರು ದೂರಿನಲ್ಲೇ ಸುತ್ತುತ್ತಾರೆ, ದಿನವೂ ಅದೇ ಅದೇ. ಅದಕ್ಕೆ ಮದ್ದು ಬೇಡಿಕೆಯ ಭಾಗ: ಪ್ರತಿ ಪುಟದಲ್ಲೂ ಒಂದೇ ಒಂದು ಬೇಡಿಕೆ, ಆ ದಿನದ ಅಳತೆಯದು. ‘ಕಿಡ್ನಿ ಹೊಸದಾಗಲಿ’ ಎಂಬ ಪ್ರಾರ್ಥನೆ ಬಿಡಬೇಕಿಲ್ಲ. ಅದರ ಜೊತೆಗೆ ಇವತ್ತಿನದು ಒಂದಿರಲಿ.

ಹೀಗೆ ದೂರುವುದು ಗೊಣಗಿದ ಪಾಪವಾಗುವುದಿಲ್ಲವೇ, ಅರಣ್ಯದಲ್ಲಿ ಇಸ್ರಾಯೇಲ್ಯರು ಗೊಣಗಿ ಶಿಕ್ಷೆ ಅನುಭವಿಸಲಿಲ್ಲವೇ ಎಂದು ಕೇಳುವವರಿದ್ದಾರೆ. ಧರ್ಮೋಪದೇಶಕಾಂಡ 1:27 ನೋಡಿ. ಅವರು ತಮ್ಮ ತಮ್ಮ ಗುಡಾರಗಳಲ್ಲಿ ಕೂತು ದೇವರ ‘ಬಗ್ಗೆ’ ಮಾತಾಡಿಕೊಂಡರು. ಕೀರ್ತನೆಗಾರ ದೇವರ ‘ಹತ್ತಿರ’ ಮಾತಾಡುತ್ತಾನೆ. ಮಾತು ಅಷ್ಟೇ ಕಟುವಾಗಿರಬಹುದು, ಮುಖ ತಿರುಗಿರುವ ದಿಕ್ಕು ಬೇರೆ. ಯೋಬನ ಪುಸ್ತಕದ ಕೊನೆಯಲ್ಲಿ ದೇವರು ಕೋಪಿಸಿಕೊಂಡದ್ದು ಅಷ್ಟೆಲ್ಲಾ ಕೂಗಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಾದ ಮಾಡಿದ ಮೂವರು ಸ್ನೇಹಿತರ ಮೇಲೆ (42:7).

ಭರವಸೆಯ ಸಾಲು ಬಾರದ ದಿನವೂ ಇರುತ್ತದೆ. ಬರೆಯದೆ ಖಾಲಿ ಬಿಡಿ, ತಾರೀಕು ಮಾತ್ರ ಹಾಕಿ. 88ನೇ ಕೀರ್ತನೆ ಹಾಗೆಯೇ ಕತ್ತಲೆಯಲ್ಲಿ ಮುಗಿಯುತ್ತದೆ. ಹದಿನೆಂಟು ವಚನಗಳಲ್ಲಿ ಎಲ್ಲೂ ಸ್ತುತಿಯ ತಿರುವಿಲ್ಲ. ಆದರೂ ಮೊದಲನೇ, ಒಂಬತ್ತನೇ, ಹದಿಮೂರನೇ ವಚನಗಳಲ್ಲಿ ಮತ್ತೆ ಮತ್ತೆ ದೇವರನ್ನು ಕೂಗುತ್ತಾನೆ. ಯಾಜಕರೂ ಜನರೂ ಅದನ್ನು ತೆಗೆದುಹಾಕದೆ ಆರಾಧನೆಯ ಪುಸ್ತಕದಲ್ಲೇ ಉಳಿಸಿಕೊಂಡರು.

ನಾಲ್ಕನೇ ವಾರದ ಹೊತ್ತಿಗೆ ಪ್ರಲಾಪಗಳ ಪುಸ್ತಕದಿಂದ ಒಂದು ಉಪಾಯ ತೆಗೆದುಕೊಳ್ಳಬಹುದು. ಕ್ರಿ.ಪೂ. 6ನೇ ಶತಮಾನದಲ್ಲಿ ಬಾಬೆಲಿನವರು ಯೆರೂಸಲೇಮನ್ನು ಹಾಳುಮಾಡಿದ ಮೇಲಿನ ಗೋಳು ಅದು. ಐದು ಅಧ್ಯಾಯ. ಮೊದಲ ನಾಲ್ಕರಲ್ಲಿ ಹೀಬ್ರೂ ಅಕ್ಷರಮಾಲೆಯ 22 ಅಕ್ಷರಗಳು ಕ್ರಮವಾಗಿ ಪದ್ಯದ ಮೊದಲಿಗೆ ಬರುತ್ತವೆ. ಅದಕ್ಕೇ 22 ವಚನ, ಮೂರನೆಯದರಲ್ಲಿ ಒಂದೊಂದು ಅಕ್ಷರಕ್ಕೆ ಮೂರರಂತೆ 66. ಅಳುವಿಗೆ ಒಂದು ಆರಂಭ, ಒಂದು ಕೊನೆ ಸಿಗುತ್ತದೆ. ಮನಸ್ಸು ಚೆಲ್ಲಾಪಿಲ್ಲಿಯಾದಾಗ ಹಿಡಿದು ನಡೆಯಲು ಗೋಡೆ ಇದ್ದ ಹಾಗೆ. ಕನ್ನಡದಲ್ಲಿ ಸ್ವರಗಳನ್ನು ಹಿಡಿದರೆ ಸಾಕು. ಋ ಬಿಟ್ಟರೆ ಅ ಇಂದ ಔ ವರೆಗೆ ಹನ್ನೆರಡು ಸಾಲು. “ಅವರ ಕೈ ತಣ್ಣಗಿದೆ. ಆಸ್ಪತ್ರೆಯ ಬಿಲ್ಲು ದಿಂಬಿನ ಕೆಳಗಿದೆ. ಇನ್ನೂ ಮಗನ ಫೀಸು ಕಟ್ಟಿಲ್ಲ. ಈ ಮನೆಯಲ್ಲಿ ಈಗ ಯಾರೂ ಹಾಡುವುದಿಲ್ಲ.” ಹೀಗೆ ಸಾಗಿ, ‘ಐದಕ್ಕೇ ಎಚ್ಚರ’ ದಾಟಿ, ‘ಔಷಧದ ಚೀಟಿ’ಗೆ ಬರುವ ಹೊತ್ತಿಗೆ ಏನೇನು ಹೊತ್ತುಕೊಂಡಿದ್ದೀರಿ ಎಂಬುದು ನಿಮ್ಮ ಕಣ್ಣೆದುರೇ ಇರುತ್ತದೆ. ಹೊರೆ ಹಗುರಾಗದಿರಬಹುದು. ಹೊರೆಯಲ್ಲಿ ಏನಿದೆ ಎಂದು ಗೊತ್ತಾದರೆ ಯಾವುದನ್ನು ಬೇರೆಯವರ ಕೈಗೆ ಕೊಡಬಹುದು ಎಂದು ತಿಳಿಯುತ್ತದೆ.

ಕೊಡಲೇಬೇಕು. ಗಲಾತ್ಯ 6ರಲ್ಲಿ ಒಬ್ಬರ ಭಾರವನ್ನೊಬ್ಬರು ಹೊರಿರಿ ಎಂದು 2ನೇ ವಚನವೂ, ಪ್ರತಿಯೊಬ್ಬನೂ ತನ್ನ ಹೊರೆಯನ್ನು ತಾನೇ ಹೊರಬೇಕು ಎಂದು 5ನೇ ವಚನವೂ ಇವೆ. ಗ್ರೀಕ್‌ನಲ್ಲಿ ಮೊದಲನೆಯದು ‘ಬಾರೊಸ್’, ಬೆನ್ನು ಬಗ್ಗಿಸುವ ತೂಕ. ಎರಡನೆಯದು ‘ಫೋರ್ಟಿಯೊನ್’, ಒಬ್ಬರು ಹೊರಬಹುದಾದ ಗಂಟು. ನಿಮ್ಮದು ಈಗ ಬಾರೊಸ್. ಸಭೆಯಲ್ಲಿ ಇಬ್ಬರನ್ನು ಆರಿಸಿಕೊಳ್ಳಿ. ಹೆಚ್ಚು ಮಾತಾಡದವರಾದರೆ ಒಳ್ಳೆಯದು. ಯೋಬನ ಸ್ನೇಹಿತರು ಏಳು ಹಗಲು ಏಳು ರಾತ್ರಿ ಬಾಯಿ ಬಿಡದೆ ಅವನ ಪಕ್ಕ ನೆಲದ ಮೇಲೆ ಕೂತಿದ್ದರು. ಅವರು ಸರಿಯಾಗಿ ನಡೆದುಕೊಂಡದ್ದು ಆ ಏಳು ದಿನ ಮಾತ್ರ. ‘ಪ್ರಾರ್ಥನೆ ಮಾಡಿ’ ಎಂದಷ್ಟೇ ಕೇಳಬೇಡಿ, ಕೆಲಸವನ್ನು ಹೆಸರು ಹಿಡಿದು ಕೇಳಿ: ಹದಿನೈದು ದಿನಕ್ಕೊಮ್ಮೆ ಆಸ್ಪತ್ರೆಯಲ್ಲಿ ಅವರ ಜೊತೆ ಕೂತುಕೊಳ್ಳಿ, ಆ ನಾಲ್ಕು ಗಂಟೆ ನಾನು ಮಲಗುತ್ತೇನೆ. ಆಸ್ಪತ್ರೆಯ ದಿನ ಮಗನಿಗೆ ರಾತ್ರಿ ಊಟ ಕೊಡಿ. ಖರ್ಚು ಕೈ ಮೀರುತ್ತಿದ್ದರೆ ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಯೋಜನೆಯಡಿ ಬಿಪಿಎಲ್ ಕಾರ್ಡಿನವರಿಗೆ ಜಿಲ್ಲಾ ಆಸ್ಪತ್ರೆಗಳಲ್ಲಿ ಡಯಾಲಿಸಿಸ್ ಉಚಿತ. ಅಲ್ಲಿ ವಿಚಾರಿಸಿ ಬರುವ ಕೆಲಸವನ್ನೂ ಅವರಲ್ಲೊಬ್ಬರಿಗೆ ಒಪ್ಪಿಸಿ.

ಒಣಗಿದ ಹಾಗಿದೆ ಎಂದಿರಿ. ಅದರಲ್ಲಿ ದಣಿವು ಎಷ್ಟು, ಕಾಯಿಲೆ ಎಷ್ಟು ಎಂದು ನೋಡಬೇಕು. 1 ಅರಸು 19ರಲ್ಲಿ ಪ್ರವಾದಿ ಎಲೀಯನು ಅಡವಿಯ ಗಿಡವೊಂದರ ಕೆಳಗೆ ಕೂತು ನನಗೆ ಸಾವು ಬರಲಿ ಎಂದು ಬೇಡುತ್ತಾನೆ. ದೇವದೂತ ಅವನಿಗೆ ಬೋಧನೆ ಮಾಡಲಿಲ್ಲ. ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ಅವನು ಮತ್ತೆ ಮಲಗಿದ. ಎರಡನೇ ಸಲವೂ ಎಬ್ಬಿಸಿ ಊಟವನ್ನೇ ಕೊಟ್ಟ. ದೇವರ ಮೆಲ್ಲನೆಯ ಸ್ವರ ಕೇಳಿದ್ದು ಅದಾಗಿ ನಲವತ್ತು ದಿನದ ದಾರಿ ನಡೆದು ಹೋರೇಬ್ ಬೆಟ್ಟಕ್ಕೆ ಹೋದ ಮೇಲೆ. ಎರಡು ವಾರಕ್ಕೂ ಮೀರಿ ನಿದ್ದೆ ಕೆಟ್ಟು, ಊಟ ಸೇರದೆ, ಪ್ರಾರ್ಥನೆಯಲ್ಲಿ ಮಾತ್ರವಲ್ಲ ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಅದು ಖಿನ್ನತೆ ಇರಬಹುದು. ಡಾಕ್ಟರ ಹತ್ತಿರ ಹೋಗಬೇಕು. ಸಾಯುವ ಯೋಚನೆ ಒಂದು ಸಲ ಸುಳಿದರೂ ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು. ಪೌಲನೂ ಬದುಕುವ ಆಸೆಯನ್ನೇ ಬಿಟ್ಟಿದ್ದೆವು ಎಂದು 2 ಕೊರಿಂಥ 1:8ರಲ್ಲಿ ಮುಚ್ಚುಮರೆ ಇಲ್ಲದೆ ಬರೆದಿದ್ದಾನೆ.

ಈ ಒಣ ಕಾಲದಲ್ಲಿ ದೊಡ್ಡ ತೀರ್ಮಾನ ಮಾಡಬೇಡಿ. ಲೊಯೊಲಾದ ಸಂತ ಇಗ್ನೇಷಿಯಸ್ 1521ರಲ್ಲಿ ಪಾಂಪ್ಲೋನಾದ ಕಾಳಗದಲ್ಲಿ ಫಿರಂಗಿ ಗುಂಡು ತಗುಲಿ ಕಾಲು ಮುರಿದುಕೊಂಡು ತಿಂಗಳುಗಟ್ಟಲೆ ಹಾಸಿಗೆ ಹಿಡಿದಿದ್ದವರು. ಮನಸ್ಸಿನ ಏರಿಳಿತವನ್ನು ಗಮನಿಸಲು ಶುರುಮಾಡಿದ್ದು ಆ ಹಾಸಿಗೆಯಲ್ಲೇ. ಅವರು ಕೊಟ್ಟ ನಿಯಮ ಕ್ಯಾಥೊಲಿಕರಲ್ಲದವರಿಗೂ ಉಪಯೋಗದ್ದು: ಕುಗ್ಗಿದ ಹೊತ್ತಿನಲ್ಲಿ ಹಿಂದಿನ ತೀರ್ಮಾನ ಬದಲಿಸಬೇಡ. ಹಾಗಾಗಿ ಸಭೆ ಬಿಡುವುದು, ಗುಣವಾಗಲೆಂದು ದೊಡ್ಡ ಮೊತ್ತದ ಹರಕೆ ಹೊರುವುದು, ಇಷ್ಟು ಕಾಣಿಕೆ ಹಾಕಿದರೆ ಇಷ್ಟು ಆಶೀರ್ವಾದ ಎನ್ನುವವರ ಕೈಗೆ ಒಡವೆ ದುಡ್ಡು ಕೊಡುವುದು, ಯಾವುದೂ ಈಗ ಬೇಡ. ‘ಸಾಕ್ಷಿ ಹೇಳಿ’ ಎಂದು ವೇದಿಕೆಗೆ ಕರೆದರೆ ಈಗಲ್ಲ ಎನ್ನಿ. ಇನ್ನೂ ನಡೆಯುತ್ತಿರುವ ಕಷ್ಟಕ್ಕೆ ಜಯದ ಕೊನೆ ಅಂಟಿಸಿ ಹೇಳಿದರೆ ಆಮೇಲೆ ಮನೆಯಲ್ಲಿ ಅಳಲೂ ನಾಚಿಕೆಯಾಗುತ್ತದೆ.

ಇದನ್ನು ಓದುತ್ತಿರುವ ಬೇರೆಯವರಿಗಾಗಿ ಒಂದು ಮಾತು. ಗಂಡನ ಹೊಡೆತವನ್ನೋ ದಬ್ಬಾಳಿಕೆಯನ್ನೋ ‘ಶಿಲುಬೆ ಹೊರು’ ಎಂದು ಸಹಿಸಿಕೊಳ್ಳಲು ಹೇಳಿದ್ದರೆ, ಈ ಉತ್ತರದಲ್ಲಿ ತಾಳ್ಮೆಯ ಬಗ್ಗೆ ಬರೆದದ್ದು ನಿಮಗಲ್ಲ. ಪೌಲ ದಮಸ್ಕದಲ್ಲಿ ಬುಟ್ಟಿಯಲ್ಲಿ ಕೂತು ಗೋಡೆಯಿಂದ ಇಳಿದು ತಪ್ಪಿಸಿಕೊಂಡ. ಕೊರಡೆಯಿಂದ ಹೊಡೆಯಲು ಬಂದಾಗ ರೋಮಿನ ಪ್ರಜೆಯ ಹಕ್ಕನ್ನು ಮುಂದಿಟ್ಟ. ಹೊರಗೆ ಬನ್ನಿ, ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಿ.

ಆರು ವಾರ ಆದ ಮೇಲೆ, ಸಹೋದರಿ, ನೋಟ್‌ಬುಕ್ಕನ್ನು ಮೊದಲಿಂದ ಒಂದೇ ಸಲ ಓದಿ. ಮನಸ್ಸಿಗೆ ಹಾಯೆನಿಸಿತೇ ಎಂದು ನೋಡಬೇಡಿ, ಅದು ದಿನಕ್ಕೊಂದು ಥರ. ರೋಮಾಪುರ 8:28ರಲ್ಲಿ ಎಲ್ಲವೂ ಹಿತಕ್ಕಾಗಿ ಎಂದಿದೆಯಲ್ಲ, ಆ ಹಿತ ಏನು ಎಂದು ಮುಂದಿನ ವಚನವೇ ಹೇಳುತ್ತದೆ: ಮಗನಾದ ಯೇಸುವಿನ ಹೋಲಿಕೆಗೆ ಬರುವುದು. ಹುಡುಕಬೇಕಾದ ಗುರುತುಗಳು ಅದರಂತೆಯೇ ಸಣ್ಣವು. ದೂರು ಮೊದಲಿಗಿಂತ ನಿಖರವಾಗಿದೆಯೇ? ಮಗನ ಮೇಲೆ ರೇಗಿದ ಮೇಲೆ ಕ್ಷಮೆ ಕೇಳಲು ಮೂರು ದಿನ ಹಿಡಿಯುತ್ತಿದ್ದದ್ದು ಅದೇ ಸಂಜೆಗೆ ಬಂದಿದೆಯೇ? ಪಕ್ಕದ ಹಾಸಿಗೆಯ ರೋಗಿಯ ಹೆಸರು ನಿಮ್ಮ ಬೇಡಿಕೆಯಲ್ಲಿ ಒಂದು ಸಲವಾದರೂ ಬಂದಿದೆಯೇ? ನಮಗೆ ಸಿಕ್ಕ ಆದರಣೆಯಿಂದಲೇ ಬೇರೆಯವರನ್ನು ಆದರಿಸುತ್ತೇವೆ ಎಂದು ಪೌಲ 2 ಕೊರಿಂಥ 1:4ರಲ್ಲಿ ಹೇಳುವುದು ಇದನ್ನೇ. ಒಂದು ಗುರುತು ಕಂಡರೂ ಆ ಪುಟದ ಮೂಲೆ ಮಡಿಸಿಡಿ.

ಒಂದೂ ಕಾಣದಿದ್ದರೆ ನೋಟ್‌ಬುಕ್ಕನ್ನು ಆ ಇಬ್ಬರಲ್ಲಿ ಒಬ್ಬರಿಗೆ ಓದಲು ಕೊಡಿ. ನಮ್ಮ ಬದಲಾವಣೆ ನಮಗಿಂತ ಮೊದಲು ಬೇರೆಯವರ ಕಣ್ಣಿಗೆ ಬೀಳುವುದುಂಟು. ಅಷ್ಟರಲ್ಲಿ ಯಜಮಾನರು ನೀವು ಬರೆಯುವುದನ್ನು ನೋಡಿ ಏನೆಂದು ಕೇಳಿಯೇ ಕೇಳುತ್ತಾರೆ. ಅವರಿಗೆ ಶಕ್ತಿ ಇದ್ದ ದಿನ 13ನೇ ಕೀರ್ತನೆಯನ್ನು ಇಬ್ಬರೂ ಹಂಚಿಕೊಂಡು ಓದಿ: ‘ಎಷ್ಟರವರೆಗೆ’ ಎಂಬ ಮೊದಲೆರಡು ವಚನ ಅವರಿಗೆ, ಬೇಡಿಕೆಯ ಎರಡು ವಚನ ನಿಮಗೆ, ಕೊನೆಯ ಎರಡನ್ನು ಆ ದಿನ ಯಾರ ಬಾಯಿಗೆ ಬರುತ್ತದೋ ಅವರು ಓದಲಿ.